ನೆಸ್ಕ್ಯಾಕ್ ಬಾಸ್ಕೆಟ್‌ಬಾಲ್: ಸಣ್ಣ ಕಾಲೇಜುಗಳ ಆಟ, ದೊಡ್ಡ ಅಭಿಮಾನ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಎಂದೊಡನೆ ಇಪ್ಪತ್ತು ಸಾವಿರ ಜನ ಕಿಕ್ಕಿರಿದ ಕ್ರೀಡಾಂಗಣ, ಟಿ.ವಿ. ಕ್ಯಾಮೆರಾಗಳ ಸಾಲು, ಕೋಟಿಗಟ್ಟಲೆ ಡಾಲರ್ ವಹಿವಾಟು ಕಣ್ಣ ಮುಂದೆ ಬರುತ್ತವೆ. ಅದೇ ದೇಶದ ಈಶಾನ್ಯ ಮೂಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಲೋಕವಿದೆ. ಅಲ್ಲಿ ಪಂದ್ಯ ನೋಡಲು ಸಾಮಾನ್ಯವಾಗಿ ಟಿಕೆಟ್ ಬೇಕಿಲ್ಲ. ಗ್ಯಾಲರಿಯಲ್ಲಿ ಒಂದೆರಡು ಸಾವಿರ ಜನ ಕೂತರೆ ಜಾಗ ಮುಗಿಯಿತು. ಆಟಗಾರರಿಗೆ ಆಟಕ್ಕಾಗಿ ಒಂದು ಪೈಸೆ ವಿದ್ಯಾರ್ಥಿವೇತನವೂ ಇಲ್ಲ. ಆದರೂ ಹಿಮ ಬೀಳುವ ಜನವರಿ ರಾತ್ರಿಯಲ್ಲಿ ನೂರಾರು ಕಿ.ಮೀ. ಕಾರು ಓಡಿಸಿಕೊಂಡು ಬರುವ ಅಭಿಮಾನಿಗಳಿದ್ದಾರೆ. ಅದರ ಹೆಸರು ನ್ಯೂ ಇಂಗ್ಲೆಂಡ್ ಸ್ಮಾಲ್ ಕಾಲೇಜ್ ಅಥ್ಲೆಟಿಕ್ ಕಾನ್ಫರೆನ್ಸ್. ಚುಟುಕಾಗಿ ನೆಸ್ಕ್ಯಾಕ್.

ಕಾನ್ಫರೆನ್ಸ್ ಎಂದರೆ ಇಲ್ಲಿ ಸಭೆ ಸಮ್ಮೇಳನವಲ್ಲ. ತಮ್ಮತಮ್ಮಲ್ಲೇ ಪ್ರತಿ ವರ್ಷ ಪಂದ್ಯವಾಡಿ, ಅಂಕಪಟ್ಟಿ ಇಟ್ಟು, ಕೊನೆಗೊಬ್ಬ ಚಾಂಪಿಯನ್‌ನನ್ನು ಆರಿಸುವ ಕಾಲೇಜುಗಳ ಕೂಟ. ನೆಸ್ಕ್ಯಾಕ್‌ನಲ್ಲಿ ಹನ್ನೊಂದು ಸಂಸ್ಥೆಗಳಿವೆ: ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್, ಕನೆಕ್ಟಿಕಟ್‌ನ ಟ್ರಿನಿಟಿ, ವೆಸ್ಲಿಯನ್, ಕನೆಕ್ಟಿಕಟ್ ಕಾಲೇಜು, ಮೇಯ್ನ್‌ನ ಬೇಟ್ಸ್, ಬೋಡಿನ್, ಕೋಲ್ಬಿ, ವರ್ಮಾಂಟ್‌ನ ಮಿಡಲ್‌ಬರಿ, ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್. ಟಫ್ಟ್ಸ್ ಮತ್ತು ವೆಸ್ಲಿಯನ್ ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ಎರಡು ಸಾವಿರ ವಿದ್ಯಾರ್ಥಿಗಳ ಆಸುಪಾಸಿನವು. ನಮ್ಮ ತಾಲೂಕು ಕೇಂದ್ರದ ಒಂದು ಪದವಿ ಕಾಲೇಜಿನಷ್ಟೇ ಎನ್ನಬಹುದು. ಓದಿನಲ್ಲಿ ಮಾತ್ರ ಇವು ಅಮೆರಿಕದ ಅತಿ ಕಷ್ಟದ ಪ್ರವೇಶವಿರುವ ಕಾಲೇಜುಗಳ ಸಾಲಿಗೆ ಸೇರುತ್ತವೆ.

ಕೂಟ ಹುಟ್ಟಿದ್ದು 1971ರಲ್ಲಿ. ಆಟ ಓದನ್ನು ನುಂಗಬಾರದು ಎಂಬುದೇ ಅದರ ಮೂಲ ಒಪ್ಪಂದ. ಮೊದಲಿದ್ದ ಯೂನಿಯನ್ ಕಾಲೇಜು 1977ರಲ್ಲಿ ಹೊರನಡೆಯಿತು, 1982ರಲ್ಲಿ ಕನೆಕ್ಟಿಕಟ್ ಕಾಲೇಜು ಒಳಬಂತು. ಅಲ್ಲಿಂದೀಚೆಗೆ ಸದಸ್ಯರ ಪಟ್ಟಿ ಬದಲಾಗಿಲ್ಲ. ದೊಡ್ಡ ಕಾಲೇಜುಗಳು ಟಿ.ವಿ. ಹಣದ ಬೆನ್ನು ಹತ್ತಿ ವರ್ಷಕ್ಕೊಂದು ಕೂಟಕ್ಕೆ ಜಿಗಿಯುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅಜ್ಜ ಯಾರ ವಿರುದ್ಧ ಆಡಿದ್ದನೋ ಮೊಮ್ಮಗನೂ ಅವರ ವಿರುದ್ಧವೇ ಆಡುತ್ತಾನೆ.

ಮೂರನೇ ದರ್ಜೆ ಎಂದರೇನು?

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆ 1973ರಲ್ಲಿ ತನ್ನ ಸದಸ್ಯರನ್ನು ಮೂರು ಡಿವಿಜನ್‌ಗಳಾಗಿ ವಿಂಗಡಿಸಿತು. ಒಂದನೆಯದು ದೊಡ್ಡವರದು. ಮೂರನೆಯದರಲ್ಲಿ ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಮನೆಯ ಆದಾಯ ನೋಡಿ ಕೊಡುವ ನೆರವು ಎಲ್ಲ ವಿದ್ಯಾರ್ಥಿಗಳಂತೆ ಆಟಗಾರನಿಗೂ ಸಿಗುತ್ತದೆ, ಅಷ್ಟೆ. ಪುರುಷರ ಬಾಸ್ಕೆಟ್‌ಬಾಲ್ ಆಡುವ ನಾನೂರಕ್ಕೂ ಹೆಚ್ಚು ಕಾಲೇಜುಗಳು ಈ ಮೂರನೇ ಡಿವಿಜನ್‌ನಲ್ಲಿವೆ. ಇದರ ರಾಷ್ಟ್ರೀಯ ಪಂದ್ಯಾವಳಿ ಶುರುವಾದದ್ದು 1975ರಲ್ಲಿ.

ನೆಸ್ಕ್ಯಾಕ್‌ನವರು ಇದಕ್ಕಿಂತಲೂ ಬಿಗಿ. ಬಹುಕಾಲ ನವೆಂಬರ್ 1ಕ್ಕೆ ಮುನ್ನ ತರಬೇತುದಾರ ತಂಡವನ್ನು ಅಂಗಣಕ್ಕೆ ಇಳಿಸುವಂತಿರಲಿಲ್ಲ. ಉಳಿದವರು ಎರಡು ವಾರ ಮೊದಲೇ ಅಭ್ಯಾಸ ಆರಂಭಿಸಿರುತ್ತಿದ್ದರು. 1993ರವರೆಗೆ ಇವರ ತಂಡಗಳು ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವುದೇ ನಿಷಿದ್ಧವಾಗಿತ್ತು. ಮಾರ್ಚ್ ತಿಂಗಳು ಪಾಠದ ತಿಂಗಳು ಎಂಬುದು ಅಧ್ಯಕ್ಷರ ವಾದ. ಅದೆಷ್ಟು ಒಳ್ಳೆಯ ತಂಡಗಳು ಮನೆಯಲ್ಲೇ ಕೂತು ಸೊರಗಿದವೋ. 1993-94ರಲ್ಲಿ ಬಾಗಿಲು ತೆರೆಯಿತು. ಹತ್ತು ವರ್ಷದೊಳಗೆ ಫಲವೂ ಬಂತು.

ಎರಡು ಅಂಕಗಳ ಕಥೆ

2003ರ ಫೈನಲ್‌ನಲ್ಲಿ ವಿಲಿಯಮ್ಸ್ ತಂಡ ಮಿನ್ನೆಸೋಟದ ಗಸ್ಟೇವಸ್ ಅಡಾಲ್ಫಸ್ ಕಾಲೇಜನ್ನು 67-65ರಿಂದ ಸೋಲಿಸಿತು. ನೆಸ್ಕ್ಯಾಕ್‌ಗೆ ಅದೇ ಮೊದಲ ರಾಷ್ಟ್ರೀಯ ಪಟ್ಟ. ಅಂತರ ಎರಡೇ ಅಂಕ, ಅಂದರೆ ಒಂದೇ ಬುಟ್ಟಿ. ಮರುವರ್ಷ ಮತ್ತೆ ಫೈನಲ್, ಎದುರಾಳಿ ವಿಸ್ಕಾನ್ಸಿನ್-ಸ್ಟೀವನ್ಸ್ ಪಾಯಿಂಟ್. ಈ ಸಲ 84-82ರ ಸೋಲು. 2010ರಲ್ಲಿ ಅದೇ ಸ್ಟೀವನ್ಸ್ ಪಾಯಿಂಟ್ ಎದುರು 78-73ರ ಸೋಲು. 2014ರಲ್ಲಿ ವಿಸ್ಕಾನ್ಸಿನ್-ವೈಟ್‌ವಾಟರ್ ಕೊನೆಯ ಕ್ಷಣದಲ್ಲಿ ಗೆಲುವು ಕಿತ್ತುಕೊಂಡಿತು: 75-73. ಎರಡು ಅಂಕದಿಂದ ಒಮ್ಮೆ ಗೆದ್ದು, ಎರಡು ಅಂಕದಿಂದಲೇ ಎರಡು ಬಾರಿ ಸೋತ ತಂಡದ ಅಭಿಮಾನಿಗೆ ಆ ಸಂಖ್ಯೆಯನ್ನು ನೆನಪಿಸಬೇಕಾಗಿಲ್ಲ.

2014ರ ಆ ಸೋತ ತಂಡದಲ್ಲಿ ಡಂಕನ್ ರಾಬಿನ್ಸನ್ ಎಂಬ ಮೊದಲ ವರ್ಷದ ಹುಡುಗನಿದ್ದ. ದೊಡ್ಡ ಕಾಲೇಜುಗಳು ಆತನತ್ತ ಕಣ್ಣೆತ್ತಿ ನೋಡಿರಲಿಲ್ಲ. ಆ ವರ್ಷ ತರಬೇತುದಾರ ಬೇರೆ ಕಾಲೇಜಿಗೆ ಹೋದರು. ಹುಡುಗನೂ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ವರ್ಗವಾದ. 2018ರಲ್ಲಿ ಒಂದನೇ ಡಿವಿಜನ್‌ನ ಫೈನಲ್ ಆಡಿದ. ಎರಡೂ ದರ್ಜೆಯ ಫೈನಲ್ ಆಡಿದ ಮೊದಲಿಗ ಆತನೇ. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಯಾರೂ ಹೆಸರು ಕೂಗಲಿಲ್ಲ. ಆದರೂ ಮಯಾಮಿ ಹೀಟ್ ತಂಡದಲ್ಲಿ ಜಾಗ ಗಿಟ್ಟಿಸಿ 2020ರ ಎನ್.ಬಿ.ಎ. ಫೈನಲ್ ಆಡಿದ. 2021ರಲ್ಲಿ ಐದು ವರ್ಷಕ್ಕೆ 9 ಕೋಟಿ ಡಾಲರ್ ಒಪ್ಪಂದ, 2025ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್. ವಿಲಿಯಮ್ಸ್ ಅಭಿಮಾನಿಗಳಿಗೆ ಈತ ಹೆಮ್ಮೆಯೂ ಹೌದು, ಕೊರಗೂ ಹೌದು. ಇನ್ನೂ ಮೂರು ವರ್ಷ ನಮ್ಮಲ್ಲೇ ಇದ್ದಿದ್ದರೆ ಎಂಬ ಲೆಕ್ಕ ಯಾರು ತಾನೆ ಹಾಕುವುದಿಲ್ಲ?

ಆಮ್ಹರ್ಸ್ಟ್ ಕಥೆ ಇಷ್ಟು ಕಹಿಯಲ್ಲ. 2007ರಲ್ಲಿ ವರ್ಜೀನಿಯಾ ವೆಸ್ಲಿಯನ್ ಮೇಲೆ 80-67, 2013ರಲ್ಲಿ ಮೇರಿ ಹಾರ್ಡಿನ್-ಬೇಲರ್ ಮೇಲೆ 87-70, ಎರಡು ಪಟ್ಟ. ಎರಡಕ್ಕೂ ತರಬೇತುದಾರ ಡೇವಿಡ್ ಹಿಕ್ಸನ್. ಅದೇ ಕಾಲೇಜಿನಲ್ಲಿ ಓದಿ, ಆಡಿ, 1977ರಲ್ಲಿ ತರಬೇತುದಾರರಾಗಿ, ನಾಲ್ಕು ದಶಕ ಅಲ್ಲೇ ಉಳಿದು 800ಕ್ಕೂ ಹೆಚ್ಚು ಪಂದ್ಯ ಗೆಲ್ಲಿಸಿದವರು. 2023ರಲ್ಲಿ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಜತೆಗೆ ಸೇರಿದವರಲ್ಲಿ ಡರ್ಕ್ ನೊವಿಟ್ಸ್ಕಿ, ಡ್ವೇನ್ ವೇಡ್ ಇದ್ದರು.

ಇತ್ತೀಚಿನ ಪಟ್ಟ ಟ್ರಿನಿಟಿಯದು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು 64-60ರಿಂದ ಮಣಿಸಿ ಆ ಕಾಲೇಜು ಮೊದಲ ಬಾರಿಗೆ ಬಾಸ್ಕೆಟ್‌ಬಾಲ್ ಕಿರೀಟ ತೊಟ್ಟಿತು. ಅದುವರೆಗೆ ಟ್ರಿನಿಟಿ ಎಂದರೆ ಸ್ಕ್ವಾಷ್ ಎಂದೇ ಹೆಸರಾಗಿತ್ತು. 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದ ಆ ಸ್ಕ್ವಾಷ್ ತಂಡಗಳಲ್ಲಿ ಭಾರತದ ಹುಡುಗರೂ ಇದ್ದರು.

ಅಭಿಮಾನಿಯ ವಾರ

ಕೂಟದ ಪಂದ್ಯಗಳು ಜನವರಿ ಆರಂಭದಿಂದ ಫೆಬ್ರುವರಿ ಮಧ್ಯದವರೆಗೆ. ಪ್ರತಿ ತಂಡ ಉಳಿದ ಹತ್ತು ತಂಡಗಳ ಜತೆ ಒಂದೊಂದು ಬಾರಿ ಮಾತ್ರ ಆಡುತ್ತದೆ. ಬಹುತೇಕ ಪಂದ್ಯಗಳು ಶುಕ್ರವಾರ ರಾತ್ರಿ ಒಂದು, ಶನಿವಾರ ಮಧ್ಯಾಹ್ನ ಇನ್ನೊಂದು. ವಾರದ ಉಳಿದ ದಿನ ತರಗತಿ ತಪ್ಪಬಾರದು ಎಂಬುದಕ್ಕೇ ಈ ವ್ಯವಸ್ಥೆ. ಆದರೆ ಅಭಿಮಾನಿಗೆ ಇದರಲ್ಲೇ ಸ್ವಾರಸ್ಯ. ಶುಕ್ರವಾರ ನಲವತ್ತು ನಿಮಿಷ ಬೆವರು ಸುರಿಸಿದ ಹುಡುಗ ಶನಿವಾರ ಹದಿನೆಂಟು ಗಂಟೆಯೊಳಗೆ, ಬಸ್ಸಿನಲ್ಲಿ ಕೂತು ಬೇರೆ ಊರಿಗೆ ಹೋಗಿ, ಹೊಸ ಎದುರಾಳಿಯನ್ನು ಎದುರಿಸಬೇಕು. ಯಾರ ಬೆಂಚು ಗಟ್ಟಿ, ಯಾವ ತರಬೇತುದಾರ ಶುಕ್ರವಾರವೇ ಎಲ್ಲ ಶಕ್ತಿ ಖರ್ಚು ಮಾಡಿದ ಎಂಬುದು ಶನಿವಾರದ ಕೊನೆಯ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಮೇಯ್ನ್‌ನ ಕೋಲ್ಬಿಯಿಂದ ಹ್ಯಾಮಿಲ್ಟನ್‌ಗೆ ರಸ್ತೆ 600 ಕಿ.ಮೀ.ಗೂ ಹೆಚ್ಚು. ಕಾಸರಗೋಡಿನಿಂದ ಬೆಂಗಳೂರಿಗಿಂತಲೂ ದೂರ, ಅದೂ ಹಿಮದಲ್ಲಿ.

ಹತ್ತೇ ಪಂದ್ಯಗಳಾದ್ದರಿಂದ ಒಂದು ಸೋಲು ಅಂಕಪಟ್ಟಿಯನ್ನೇ ತಲೆಕೆಳಗು ಮಾಡುತ್ತದೆ. ಮೊದಲ ಎಂಟು ತಂಡಗಳಿಗೆ ಕೂಟದ ಪಂದ್ಯಾವಳಿಯಲ್ಲಿ ಸ್ಥಾನ. ಹನ್ನೊಂದರಲ್ಲಿ ಎಂಟು ಎಂದರೆ ಸುಲಭ ಎನಿಸಬಹುದು. ಆದರೆ ಮೊದಲ ನಾಲ್ಕರೊಳಗೆ ಬಂದರೆ ಮಾತ್ರ ಕ್ವಾರ್ಟರ್ ಫೈನಲ್ ಸ್ವಂತ ಊರಿನಲ್ಲಿ. ಉಳಿದವರಲ್ಲಿ ಅತಿ ಮೇಲಿನ ಸ್ಥಾನದವರಿಗೆ ಮುಂದಿನ ಪಂದ್ಯಗಳೂ ಮನೆಯಂಗಳದಲ್ಲಿ. ಸಮಬಲವಾದರೆ ಮೊದಲು ನೋಡುವುದು ಪರಸ್ಪರ ಪಂದ್ಯ ಗೆದ್ದವರು ಯಾರು ಎಂಬುದನ್ನು. ಫೆಬ್ರುವರಿ ಎರಡನೇ ವಾರ ಕಾಗದ ಪೆನ್ಸಿಲ್ ಹಿಡಿದು, ಬೇಟ್ಸ್ ಗೆದ್ದು ಬೋಡಿನ್ ಸೋತರೆ ಏನಾಗುತ್ತದೆ ಎಂದು ಗುಣಿಸುತ್ತ ಕೂರುವವನೇ ನಿಜವಾದ ನೆಸ್ಕ್ಯಾಕ್ ಅಭಿಮಾನಿ. ಪಂಚಾಯ್ತಿ ಚುನಾವಣೆಯ ಮತ ಎಣಿಕೆ ದಿನ ನಮ್ಮ ಹಳ್ಳಿಗಳಲ್ಲಿ ನಡೆಯುವ ಲೆಕ್ಕಾಚಾರ ಬಲ್ಲವರಿಗೆ ಇದು ಹೊಸದಲ್ಲ.

ಕೂಟದ ಚಾಂಪಿಯನ್‌ಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಉಳಿದವರು ಎನ್.ಸಿ.ಎ.ಎ. ಆಯ್ಕೆಗಾಗಿ ಕಾಯಬೇಕು, 2024-25ರಿಂದ ಇದಕ್ಕೆ ಗಣಿತದ ಒಂದು ಸೂಚ್ಯಂಕ ಬಳಕೆಗೆ ಬಂದಿದೆ. ಹಾಗಾಗಿ ನವೆಂಬರ್‌ನಲ್ಲಿ ಯಾವುದೋ ಹೊರಗಿನ ಕಾಲೇಜಿನ ಎದುರು ಉದಾಸೀನದಿಂದ ಸೋತ ಪಂದ್ಯ ಮಾರ್ಚ್‌ನಲ್ಲಿ ಬಂದು ಕುತ್ತಿಗೆ ಹಿಡಿಯುತ್ತದೆ. ಮೊದಲ ಸುತ್ತುಗಳಲ್ಲಿ ವಿಮಾನ ಖರ್ಚು ಉಳಿಸಲು 500 ಮೈಲಿಯೊಳಗಿನ ತಂಡಗಳನ್ನೇ ಜೋಡಿ ಮಾಡುವ ಪದ್ಧತಿಯಿದೆ. ಇದರಿಂದ ಬಲಿಷ್ಠರೇ ಬೇಗ ಪರಸ್ಪರ ಬಡಿದಾಡಿ ಹೊರಬೀಳುತ್ತಾರೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ.

ಹಗೆತನಗಳು

ವಿಲಿಯಮ್ಸ್ ಮತ್ತು ಆಮ್ಹರ್ಸ್ಟ್ ನಡುವಿನದು ದಾಯಾದಿ ಜಗಳ. 1821ರಲ್ಲಿ ವಿಲಿಯಮ್ಸ್‌ನ ಅಧ್ಯಕ್ಷರಾಗಿದ್ದ ಜೆಫನಾಯ ಸ್ವಿಫ್ಟ್ ಮೂರ್ ಆ ಕಾಲೇಜು ಬಿಟ್ಟು ಕೆಲವು ವಿದ್ಯಾರ್ಥಿಗಳೊಂದಿಗೆ ಆಮ್ಹರ್ಸ್ಟ್‌ಗೆ ಬಂದು ಹೊಸ ಕಾಲೇಜಿನ ಮೊದಲ ಅಧ್ಯಕ್ಷರಾದರು. ಹೋಗುವಾಗ ಗ್ರಂಥಾಲಯದ ಪುಸ್ತಕಗಳನ್ನೂ ಕದ್ದೊಯ್ದರು ಎಂಬುದು ವಿಲಿಯಮ್ಸ್‌ನವರ ಮಾತು. ಅದಕ್ಕೆ ಪುರಾವೆ ಇಲ್ಲ. ಇನ್ನೂರು ವರ್ಷವಾದರೂ ಗ್ಯಾಲರಿಯಲ್ಲಿ ಆ ಮಾತು ಸತ್ತಿಲ್ಲ. ಅಮೆರಿಕದ ಮೊದಲ ಅಂತರಕಾಲೇಜು ಬೇಸ್‌ಬಾಲ್ ಪಂದ್ಯವೂ 1859ರಲ್ಲಿ ಇವೆರಡರ ನಡುವೆಯೇ ನಡೆದು ಆಮ್ಹರ್ಸ್ಟ್ 73-32ರಿಂದ ಗೆದ್ದಿತ್ತು. ವೆಸ್ಲಿಯನ್ ಸೇರಿದರೆ ಈ ಮೂವರಿಗೆ ‘ಲಿಟಲ್ ಥ್ರೀ’ ಎಂದು ಹೆಸರು.

ತಂಡಗಳ ಲಾಂಛನಗಳಲ್ಲೂ ಚರಿತ್ರೆಯಿದೆ. ಆಮ್ಹರ್ಸ್ಟ್ ತಂಡ ಬಹುಕಾಲ ಲಾರ್ಡ್ ಜೆಫ್ ಎಂಬ ಬ್ರಿಟಿಷ್ ಸೇನಾನಿಯ ಹೆಸರಲ್ಲಿ ಆಡುತ್ತಿತ್ತು. ಮೂಲನಿವಾಸಿಗಳಿಗೆ ಸಿಡುಬಿನ ಸೋಂಕಿನ ಕಂಬಳಿ ಹಂಚುವ ಯೋಚನೆಯನ್ನು ಅನುಮೋದಿಸಿ ಪತ್ರ ಬರೆದವನು ಆತ. ವಿದ್ಯಾರ್ಥಿಗಳ ಪ್ರತಿಭಟನೆಯ ನಂತರ 2016ರಲ್ಲಿ ಆ ಹೆಸರು ಕೈಬಿಟ್ಟು, 2017ರಲ್ಲಿ ಮ್ಯಾಮತ್ ಎಂಬ ಪುರಾತನ ಆನೆಯನ್ನು ಆರಿಸಿಕೊಂಡರು. ಟಫ್ಟ್ಸ್‌ನವರದೂ ಆನೆಯೇ, ಸರ್ಕಸ್ಸಿನ ಪ್ರಸಿದ್ಧ ಜಂಬೋ. ಅದರ ಚರ್ಮ ತುಂಬಿದ ದೇಹ 1975ರ ಬೆಂಕಿಯಲ್ಲಿ ಸುಟ್ಟಾಗ ಬೂದಿಯನ್ನು ಕಡಲೆಕಾಯಿ ಬೆಣ್ಣೆಯ ಡಬ್ಬಿಯಲ್ಲಿ ತುಂಬಿಟ್ಟುಕೊಂಡರು. ಆಟಗಾರರು ಪಂದ್ಯಕ್ಕೆ ಮುನ್ನ ಅದನ್ನು ಸವರಿ ಹೋಗುತ್ತಿದ್ದರಂತೆ.

ಈಗಿನ ಆತಂಕ

2020-21ರಲ್ಲಿ ಕೋವಿಡ್‌ನಿಂದಾಗಿ ಕೂಟದ ಇಡೀ ಋತು ರದ್ದಾಯಿತು. ಕಳೆದುಹೋದ ವರ್ಷಕ್ಕೆ ಬದಲಾಗಿ ಎನ್.ಸಿ.ಎ.ಎ. ಆಟಗಾರರಿಗೆ ಒಂದು ವರ್ಷ ಹೆಚ್ಚು ಕೊಟ್ಟಿತು. ಆದರೆ ಈ ಕಾಲೇಜುಗಳಲ್ಲಿ ಹೆಚ್ಚಿನವು ಪದವಿಗಷ್ಟೇ ಮೀಸಲು. ಪದವಿ ಮುಗಿದ ಹುಡುಗ ಉಳಿದ ವರ್ಷವನ್ನು ಆಡಬೇಕಾದರೆ ಬೇರೆಡೆ ಹೋಗಬೇಕು. ಹೀಗೆ ಹಲವರು ಒಂದನೇ ಡಿವಿಜನ್‌ಗೆ ಹೋದರು. ಅಲ್ಲಿ 2025ರ ನ್ಯಾಯಾಲಯದ ಒಪ್ಪಂದದ ಬಳಿಕ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ ಡಾಲರ್. ಒಳ್ಳೆಯ ಆಟಗಾರ ನಾಲ್ಕು ವರ್ಷವೂ ಇಲ್ಲೇ ಇರುತ್ತಾನೆ ಎಂಬ ಭರವಸೆಯ ಮೇಲೆ ನಿಂತದ್ದು ಈ ಅಭಿಮಾನ. ಹದಿನೆಂಟರ ಅಳುಕು ಹುಡುಗ ಇಪ್ಪತ್ತೆರಡರ ನಾಯಕನಾಗುವುದನ್ನು ನೋಡುವುದೇ ಇಲ್ಲಿನ ಸುಖ. ರಾಬಿನ್ಸನ್‌ನಂಥವರು ಅಪರೂಪವಾಗಿದ್ದಾಗ ಅದು ಹೆಮ್ಮೆಯ ಸುದ್ದಿ. ವರ್ಷಕ್ಕೆ ನಾಲ್ಕಾರು ಮಂದಿ ಹೊರಟರೆ? ಹೋಗುವವರನ್ನು ದೂರುವಂತೆಯೂ ಇಲ್ಲ, ಅವರ ಬದುಕು ಅವರದು.

ಕುತೂಹಲವಿದ್ದವರಿಗೆ ಇನ್ನೊಂದು ನಂಟು. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಆಮ್ಹರ್ಸ್ಟ್‌ನಿಂದ ಒಂದು ಗಂಟೆಯೊಳಗಿನ ದಾರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1891ರ ಡಿಸೆಂಬರ್‌ನಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆಯ ಜೇಮ್ಸ್ ನೈಸ್ಮಿತ್ ಎರಡು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಶುರುಮಾಡಿದರು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಸ್ಥಾಪಿಸಿದರು. ಅಲ್ಲಿ ತರಬೇತಾದ ಪಿ.ಟಿ. ಮೇಷ್ಟ್ರುಗಳ ಮೂಲಕ ಆ ಬುಟ್ಟಿ ದಕ್ಷಿಣದ ಶಾಲೆಗಳ ಅಂಗಳಕ್ಕೂ ಬಂತು.

ನೆಸ್ಕ್ಯಾಕ್ ಪಂದ್ಯಗಳನ್ನು ಕಾಲೇಜುಗಳೇ ಅಂತರ್ಜಾಲದಲ್ಲಿ ಪ್ರಸಾರ ಮಾಡುತ್ತವೆ. ಅಲ್ಲಿನ ಶುಕ್ರವಾರ ರಾತ್ರಿ 7ರ ಪಂದ್ಯ ನಮಗೆ ಶನಿವಾರ ಬೆಳಗಿನ 5.30ಕ್ಕೆ, ಹಾಲು ಕರೆಯುವ ಹೊತ್ತಿಗೆ. ಶನಿವಾರ ಮಧ್ಯಾಹ್ನ 3ರ ಪಂದ್ಯಕ್ಕೆ ಮಾತ್ರ ನಡುರಾತ್ರಿ 1.30ರವರೆಗೆ ನಿದ್ದೆಗೆಡಬೇಕು.