ಕೊಕ್ಕೆಕಡ್ಡಿ ಹೆಣೆದ ಚರಿತ್ರೆ

ಉಡಲಾಗದಷ್ಟು ಸವೆದಿದ್ದರೂ ಎಸೆಯಲು ಮನಸ್ಸು ಬಾರದ ಹತ್ತಿಯ ಸೀರೆಯೊಂದು ನಿಮ್ಮ ಮನೆಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ಅದನ್ನು ಬೆರಳಗಲದ ಪಟ್ಟಿಗಳಾಗಿ ಹರಿದು, ತುದಿಗೆ ತುದಿ ಸೇರಿಸಿ ಉಂಡೆ ಸುತ್ತಿ, ದಪ್ಪನೆಯ ಕ್ರೋಶಾ ಕಡ್ಡಿಯಿಂದ ಹೆಣೆದರೆ ಬೆಳ್ಳುಳ್ಳಿಯನ್ನೋ ಮಕ್ಕಳ ಬಣ್ಣದ ಪೆನ್ಸಿಲುಗಳನ್ನೋ ತುಂಬಿಡಬಹುದಾದ ಗಟ್ಟಿಮುಟ್ಟಾದ ಬುಟ್ಟಿಯಾಗುತ್ತದೆ. ಇದನ್ನು ನಾವು ಬಿಡುವಿನ ವೇಳೆಯ ಹವ್ಯಾಸವೆಂದಷ್ಟೇ ಬಗೆಯುತ್ತೇವೆ. ಆದರೆ ಈ ಪುಟ್ಟ ಕೊಕ್ಕೆಗೆ ಒಂದು ಚರಿತ್ರೆಯಿದೆ. ಹಸಿವಿನ, ದುಡಿಮೆಯ ಮತ್ತು ಕೂಲಿಯ ಚರಿತ್ರೆ ಅದು.

‘ಕ್ರೋಶೆ’ ಎಂಬ ಫ್ರೆಂಚ್ ಪದಕ್ಕೆ ಚಿಕ್ಕ ಕೊಕ್ಕೆ ಎಂದೇ ಅರ್ಥ. ನೇಯ್ಗೆಗೆ ಮಗ್ಗ ಬೇಕು. ಸ್ವೆಟರಿಗೆ ಎರಡು ಕಡ್ಡಿಗಳಾದರೂ ಬೇಕು. ಕ್ರೋಶಾಕ್ಕೆ ಒಂದು ಕೊಕ್ಕೆ, ಒಂದು ಎಳೆ ಸಾಕು. ಕಡ್ಡಿಯ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ ಉಳಿದಿರುವುದರಿಂದ, ಅನ್ನ ಉಕ್ಕಿದಾಗಲೋ ಮಗು ಅತ್ತಾಗಲೋ ಕೆಲಸವನ್ನು ಪಕ್ಕಕ್ಕಿಟ್ಟು ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಗೃಹಿಣಿಯರ ಕೈಗೆ ಇದು ಒಗ್ಗಿಹೋದ ಗುಟ್ಟು ಇಲ್ಲಿದೆ. ಇದರ ಮೂಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಚ್ಚಾದ ಮಾದರಿಗಳಲ್ಲಿ ತೀರ ಹಳೆಯವೆಂದು ತಿಳಿದುಬಂದಿರುವವು 1820ರ ದಶಕದಲ್ಲಿ ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ ಪ್ರಕಟವಾದವು. ಅವು ಹಣದ ಚೀಲಗಳ ಮಾದರಿಗಳು. ಕಾಗದದ ಮೇಲೆ ಮೂಡಿದ ಆ ಮೊದಲ ಕ್ರೋಶಾ ಕೂಡ ಏನನ್ನಾದರೂ ತುಂಬಿಡುವ ಸಾಧನವೇ ಆಗಿತ್ತು!

ಈ ಕಲೆ ಅನ್ನದ ದಾರಿಯಾದದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಅಲ್ಲಿನ ಬಡವರ ಏಕೈಕ ಆಹಾರವೆನ್ನಬಹುದಾದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವು ಮತ್ತು ರೋಗಗಳಿಗೆ ಬಲಿಯಾದರು. ಹೆಚ್ಚುಕಡಿಮೆ ಅಷ್ಟೇ ಮಂದಿ ನಾಡು ತೊರೆದರು. 1841ರಲ್ಲಿ 80 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1851ರ ವೇಳೆಗೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಆ ಕರಾಳ ದಿನಗಳಲ್ಲಿ ಕಾರ್ಕ್ ನಗರದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿದ್ದ ಉರ್ಸುಲಾ ಸಭೆಯ ಕನ್ಯಾಸ್ತ್ರೀಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಪಟ್ಟಣದಲ್ಲಿ ಆಂಗ್ಲಿಕನ್ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ 1847ರಲ್ಲಿ ಇದೇ ಕಾರ್ಯಕ್ಕೆ ಕೈಯಿಟ್ಟರು. ಮತಭೇದ ತೀವ್ರವಾಗಿದ್ದ ಆ ನಾಡಿನಲ್ಲಿ ಎರಡು ಸಭೆಗಳ ಮಹಿಳೆಯರು ಹಸಿವಿಗೆ ಒಂದೇ ಉತ್ತರವನ್ನು ಕಂಡುಕೊಂಡದ್ದು ಗಮನಾರ್ಹ.

ಸೂಜಿಯಿಂದ ವೆನಿಸ್ ಮಾದರಿಯ ಲೇಸ್ ತಯಾರಿಸಲು ಬಹುಕಾಲ ಹಿಡಿಯುತ್ತಿತ್ತು. ಅದೇ ವಿನ್ಯಾಸವನ್ನು ಕೊಕ್ಕೆಯಿಂದ ಬಲುಬೇಗ ಮೂಡಿಸಬಹುದಿತ್ತು. ಹಸಿದವರಿಗೆ ಕಾಲವೆಂದರೆ ರೊಟ್ಟಿಯೇ ಅಲ್ಲವೇ? ಮರದ ಹಿಡಿಗೆ ಸಿಕ್ಕಿಸಿ, ತುದಿಯನ್ನು ಉಜ್ಜಿ ಕೊಕ್ಕೆ ಮಾಡಿದ ತಂತಿಯ ತುಂಡೇ ಎಷ್ಟೋ ಮನೆಗಳಲ್ಲಿ ಉಪಕರಣವಾಯಿತು. ಒಬ್ಬರು ಹೂವು, ಇನ್ನೊಬ್ಬರು ಎಲೆ ಹೆಣೆದರೆ ಮತ್ತೊಬ್ಬರು ಅವನ್ನು ಜೋಡಿಸುತ್ತಿದ್ದರು. ಹೀಗೆ ಹೊಗೆ ತುಂಬಿದ ಗುಡಿಸಲುಗಳಲ್ಲಿ ರೂಪುಗೊಂಡ ಲೇಸ್ ಶ್ರೀಮಂತರ ಉಡುಪುಗಳನ್ನು ಅಲಂಕರಿಸಿತು.

ಇದೇ ಕೊಕ್ಕೆ ನಮ್ಮ ದೇಶಕ್ಕೂ ಬಂತು. ಆಂಧ್ರದ ಗೋದಾವರಿ ತೀರದ ನರಸಾಪುರದ ಸುತ್ತಮುತ್ತ 19ನೇ ಶತಮಾನದಲ್ಲಿ ಮಿಷನರಿಗಳು ಬಡ ಮಹಿಳೆಯರಿಗೆ ಕಲಿಸಿದ ಲೇಸ್ ಕೆಲಸ ಕ್ರಮೇಣ ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಮಹಿಳೆಯರ ಬದುಕನ್ನು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕ ಕಹಿಯಾದ ಸತ್ಯವೊಂದನ್ನು ಹೊರಗೆಡಹಿತು. ದಿನವೂ ಗಂಟೆಗಟ್ಟಲೆ ದುಡಿಯುವ ಆ ಮಹಿಳೆಯರನ್ನು ಯಾರೂ ಕಾರ್ಮಿಕರೆಂದು ಕರೆಯುತ್ತಿರಲಿಲ್ಲ. ‘ಮನೆಯಲ್ಲಿ ಸುಮ್ಮನೆ ಕುಳಿತಿರುವ ಗೃಹಿಣಿಯರು, ಹೊತ್ತು ಕಳೆಯಲು ಹೆಣೆಯುತ್ತಾರೆ’ ಎಂಬ ಮಾತೇ ಅವರಿಗೆ ಕಡಿಮೆ ಕೂಲಿ ಕೊಡಲು ನೆಪವಾಗಿತ್ತು. ಲಾಭವು ವ್ಯಾಪಾರಿಗಳ ಪಾಲಾಗುತ್ತಿತ್ತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಸಂದ ಈ ಗೌರವವು ಹೆಣೆದ ಕೈಗಳಿಗೂ ಸಲ್ಲಬೇಕು.

ಇಷ್ಟು ಹೊತ್ತು ಹೇಳಿದ್ದು ಮಾರಾಟಕ್ಕೆಂದು ಹೊಸ ನೂಲಿನಿಂದ ಹೆಣೆದ ಕೆಲಸದ ಮಾತು. ಹಳೆಯದನ್ನು ಬಿಚ್ಚಿ ಮನೆಗಾಗಿ ಹೆಣೆಯುವುದಕ್ಕೂ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜೂನ್ ತಿಂಗಳಲ್ಲಿ, ಬ್ರಿಟನ್ನಿನಲ್ಲಿ ಬಟ್ಟೆಗೂ ಪಡಿತರ ಬಂತು. ಅದು 1949ರವರೆಗೆ ಮುಂದುವರಿಯಿತು. ಇದ್ದುದರಲ್ಲೇ ಹೊಂದಿಸಿಕೊಳ್ಳುವ ಬಗೆಯನ್ನು ಸರ್ಕಾರವೇ 1943ರಲ್ಲಿ ಕಿರುಹೊತ್ತಿಗೆಯ ಮೂಲಕ ತಿಳಿಸಿಕೊಟ್ಟಿತು. ಹಳೆಯ ಉಣ್ಣೆಯ ಉಡುಪನ್ನು ಬಿಚ್ಚಿ, ಎಳೆಯನ್ನು ತೊಳೆದು, ಹೊಸದಾಗಿ ಹೆಣೆಯುವುದು ಮನೆಮನೆಯ ಮಾತಾಯಿತು. ನಮಗಂತೂ ಇದನ್ನು ಯಾವ ಸರ್ಕಾರವೂ ಕಲಿಸಬೇಕಾಗಿರಲಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರು, ಹಳಿಯಾಳ ಯಲ್ಲಾಪುರಗಳ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿಗಳು ಎಷ್ಟು ಮಕ್ಕಳನ್ನು ಬೆಚ್ಚಗೆ ಮಲಗಿಸಿಲ್ಲ!

ಸೀರೆಯ ಬುಟ್ಟಿ ಈ ಪರಂಪರೆಗೇ ಸೇರಿದ್ದು. ಅದರ ಲೆಕ್ಕ ಸರಳ. ಮೊದಲ ಸುತ್ತಿನಲ್ಲಿ 6 ಹೆಣಿಗೆ, ಎರಡನೆಯದರಲ್ಲಿ 12, ಮೂರನೆಯದರಲ್ಲಿ 18. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ತಳವು ರೊಟ್ಟಿಯಂತೆ ಚಪ್ಪಟೆಯಾಗಿ ಹರಡುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿ ಅಷ್ಟೇ ಹೆಣಿಗೆಗಳಲ್ಲಿ ಸುತ್ತುತ್ತ ಹೋದರೆ ಗೋಡೆ ತಾನಾಗಿ ಮೇಲೇಳುತ್ತದೆ. ಬೇಕಾದಷ್ಟು ಎತ್ತರವಾದಾಗ ತುದಿಯನ್ನು ಒಳಗೆ ಸೇರಿಸಿ ಮುಗಿಸಿದರಾಯಿತು.

ಪ್ರಿಯ ಓದುಗರೇ, ಈ ಬುಟ್ಟಿಯನ್ನು ಹೆಣೆಯುವಾಗ ಒಂದು ಕೆಲಸ ಮಾಡಿ. ಆರಂಭಿಸಿದ ವೇಳೆಯನ್ನೂ ಮುಗಿಸಿದ ವೇಳೆಯನ್ನೂ ಬರೆದಿಡಿ. ಅಷ್ಟು ಗಂಟೆಗಳಿಗೆ ನಿಮ್ಮೂರಿನ ದಿನಗೂಲಿಯ ದರದಲ್ಲಿ ಎಷ್ಟಾಗುತ್ತದೆಂದು ಮಕ್ಕಳೊಂದಿಗೆ ಕುಳಿತು ಲೆಕ್ಕ ಹಾಕಿ. ಪೇಟೆಯಲ್ಲಿ ದೊರೆಯುವ ನಿಜವಾದ ಕ್ರೋಶಾ ಇಂದಿಗೂ ಕೈಕೆಲಸವೇ. ಅಗ್ಗದ ಬೆಲೆಗೆ ಸಿಕ್ಕ ಮೇಜುವಸ್ತ್ರದ ಹಿಂದೆಯೂ ಯಾವಳೋ ತಾಯಿಯ ಕಣ್ಣು, ಬೆರಳು, ನಿದ್ದೆಗೆಟ್ಟ ರಾತ್ರಿಗಳಿರುತ್ತವೆ. ಮುಂದಿನ ಸಲ ಜಾತ್ರೆಯಲ್ಲೋ ದೇವಾಲಯದ ಹಬ್ಬದಲ್ಲೋ ಹೆಣೆದ ವಸ್ತುವನ್ನು ಮಾರುವ ಮಹಿಳೆಯೊಡನೆ ಚೌಕಾಸಿಗೆ ಇಳಿಯುವ ಮುನ್ನ ನಿಮ್ಮ ಬುಟ್ಟಿಯ ಆ ಲೆಕ್ಕ ನೆನಪಾಗಲಿ.