ಹಬ್ ಮೋಟರ್ ಸೈಕಲ್

ಗಾಲಿಯ ನಡುವಿನ ಹಬ್ಬಿನೊಳಗೇ ಮೋಟರು ಅಡಗಿರುವ ಸೈಕಲ್. ಆಡುಮಾತಿನಲ್ಲಿ ಬ್ಯಾಟರಿ ಸೈಕಲ್. ಕಂಪನಿಯಿಂದ ಸಿದ್ಧವಾಗಿ ಬರುವ ಮಾದರಿಗಳಲ್ಲದೆ, ಇರುವ ಸೈಕಲ್ಲಿಗೇ ಮೋಟರು, ಕಂಟ್ರೋಲರ್, ಬ್ಯಾಟರಿ ಕೂಡಿಸಿ ಮನೆಯಲ್ಲೋ ಸೈಕಲ್ ಅಂಗಡಿಯಲ್ಲೋ ಕಟ್ಟಿಕೊಳ್ಳುವ ಕ್ರಮವೂ ಇದೆ. ಈ ಎರಡನೆಯ ಬಗೆಯನ್ನೇ ಇಲ್ಲಿ ವಿವರಿಸಿದೆ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡದ ನೆಲ ಮತ್ತು ಗಾಳಿಗೆ ಅದು ಹೇಗೆ ಹೊಂದುತ್ತದೆಂಬುದನ್ನು ಮುಖ್ಯವಾಗಿ ಗಮನಿಸಿದೆ.

ಕಲ್ಪನೆ ಹಳೆಯದು. ಅಮೆರಿಕದ ಒಹಾಯೊ ರಾಜ್ಯದ ಆಗ್ಡನ್ ಬೋಲ್ಟನ್ 1895ರ ಡಿಸೆಂಬರ್ 31ರಂದು ಪೇಟೆಂಟ್ ಪಡೆದ ಸೈಕಲ್ಲಿನಲ್ಲೇ ಹಿಂದಿನ ಗಾಲಿಯೊಳಗೆ ಮೋಟರು ಇತ್ತು. ಸೀಸದ ಬ್ಯಾಟರಿಯ ಭಾರ ಅದನ್ನು ಮುಂದೆ ಹೋಗಗೊಡಲಿಲ್ಲ. 1980ರ ದಶಕದ ನಿಯೋಡಿಮಿಯಮ್ ಅಯಸ್ಕಾಂತ ಮತ್ತು 1991ರಲ್ಲಿ ಪೇಟೆಗೆ ಬಂದ ಲಿಥಿಯಮ್ ಅಯಾನ್ ಸೆಲ್ ಸೇರಿದ ಮೇಲಷ್ಟೇ ಒಬ್ಬ ಮನುಷ್ಯ ಸಲೀಸಾಗಿ ಎತ್ತಬಹುದಾದ ಬ್ಯಾಟರಿ ಸೈಕಲ್ ಸಾಧ್ಯವಾಯಿತು.

ಹಬ್ ಮೋಟರಿನಲ್ಲಿ ಎರಡು ಜಾತಿ. ಗಿಯರ್ ಇರುವುದು ಚಿಕ್ಕದು, 2ರಿಂದ 3 ಕೆ.ಜಿ. ತೂಗುತ್ತದೆ, ಬ್ಯಾಟರಿ ಮುಗಿದರೂ ಗಾಲಿ ಸಲೀಸಾಗಿ ತಿರುಗುತ್ತದೆ. ಗಿಯರ್ ಇಲ್ಲದ ನೇರ ಮೋಟರು ದಪ್ಪ, ಭಾರ, ಗಟ್ಟಿ. ಆದರೆ ಬ್ಯಾಟರಿ ಇಲ್ಲದೆ ತುಳಿಯುವಾಗ ಅಯಸ್ಕಾಂತವೇ ಕಾಲು ಹಿಡಿದೆಳೆಯುತ್ತದೆ. ಮೋಟರಿನಿಂದ ಮೂರು ದಪ್ಪ ತಂತಿ, ಹಾಲ್ ಸಂವೇದಕಗಳ ಐದು ಸಣ್ಣ ತಂತಿ ಹೊರಬರುತ್ತವೆ. ಬಣ್ಣಕ್ಕೆ ಬಣ್ಣ ಕೂಡಿಸಿದರೆ ಸರಿಹೋದೀತೆಂಬ ಖಾತ್ರಿ ಇಲ್ಲ. ಮೂರು ದಪ್ಪ ತಂತಿ, ಸಣ್ಣವುಗಳಲ್ಲಿನ ಮೂರು ಸಂಕೇತ ತಂತಿಗಳನ್ನು 36 ಬಗೆಯಲ್ಲಿ ಜೋಡಿಸಬಹುದು. ಗಾಲಿಯನ್ನು ಸರಾಗವಾಗಿ ಮುಂದಕ್ಕೆ ತಿರುಗಿಸುವವು ಅವುಗಳಲ್ಲಿ 3 ಮಾತ್ರ.

ಇಷ್ಟಾದರೂ ವಿದ್ಯುತ್ತಿನ ಕೆಲಸ ಇದರಲ್ಲಿ ಸುಲಭದ ಭಾಗ. ಕಷ್ಟದ್ದು ಸೈಕಲ್ಲಿನ ಕಬ್ಬಿಣದ ಕೆಲಸವೇ. ನಮ್ಮ ಹಳೆಯ ಮಾದರಿಯ ರಾಡ್ ಬ್ರೇಕ್ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಬ್ ಮೋಟರಿಗೆ ಸಾಮಾನ್ಯವಾಗಿ 36 ತೂತು. ಎಂದರೆ ಇರುವ ರಿಮ್ಮು ಕೆಲಸಕ್ಕೆ ಬಾರದು. 36 ತೂತಿನ ರಿಮ್ಮು ತಂದು, ಅಳತೆಗೆ ತಕ್ಕ ಗಿಡ್ಡ ಕಡ್ಡಿ ಹಾಕಿ, ಗಾಲಿ ಕಟ್ಟಿ ಬೆಂಡ್ ತೆಗೆಯಬೇಕು. ಅನುಭವಿ ಸೈಕಲ್ ರಿಪೇರಿಗಾರನ ಕೈ ಬೇಕಾಗುವುದು ಇಲ್ಲಿಯೇ. ರಿಮ್ಮು ಬದಲಾದರೆ ರಾಡ್ ಬ್ರೇಕ್ ಕೂರುವುದಿಲ್ಲ. ಮೋಟರು ಹಾಕಿದ ಗಾಲಿಗೆ ಕೇಬಲ್ ಬ್ರೇಕನ್ನು ಹೊಸದಾಗಿ ಕೂಡಿಸಬೇಕು.

ಮೋಟರು ಮುಂದಿನ ಗಾಲಿಗಾದರೆ, ಫೋರ್ಕಿನ ತುದಿಯಲ್ಲಿ ಅಚ್ಚು ಕೂರುವ ಸೀಳು ಸುಮಾರು 8 ಮಿ.ಮೀ. ಅಗಲ, ಮೋಟರಿನ ಅಚ್ಚಿನ ಚಪ್ಪಟೆ ಭಾಗಕ್ಕೆ 10 ಮಿ.ಮೀ. ಬೇಕು. ಅರದಿಂದ ಉಜ್ಜಿ ಅಗಲಿಸುವುದು ರೂಢಿ, ಉಜ್ಜಿದಷ್ಟೂ ತುದಿ ಸೊರಗುತ್ತದೆ. ಮೋಟರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. 35 ನ್ಯೂಟನ್ ಮೀಟರ್ ತಿರುಚುಬಲ ಒಂದು ಸೆಂ.ಮೀ. ಅಂತರದಲ್ಲಿ ಬಿದ್ದರೆ ಸೀಳಿನ ಅಂಚಿನ ಮೇಲೆ 350 ಕೆ.ಜಿ. ಭಾರದಷ್ಟು ಒತ್ತಡ. ನಟ್ಟು ಸಡಿಲವಾದ ಗಳಿಗೆಯಲ್ಲಿ ಅಚ್ಚು ಹೊರಳಿ, ತಂತಿ ಹರಿದು, ಗಾಲಿ ಕಳಚಿಬರಬಹುದು. ದಪ್ಪ ಉಕ್ಕಿನ ಪಟ್ಟಿಯಲ್ಲಿ ಅಚ್ಚಿನ ಅಳತೆಯ ತೂತು ಕೊರೆಸಿ ಫೋರ್ಕಿಗೆ ಬಿಗಿಯುವ ಟಾರ್ಕ್ ಆರ್ಮ್ ಇದಕ್ಕೆ ಪರಿಹಾರ. ವೆಲ್ಡಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಆಗುವ ಈ ಪಟ್ಟಿಯನ್ನೇ ಜನ ಬಿಟ್ಟುಬಿಡುವುದು ವಿಚಿತ್ರ. ರಾಜ್ಯ ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಕೊಡುತ್ತ ಬಂದ ಸೈಕಲ್ಲುಗಳಿಗೆ ಮೋಟರು ಹಾಕುವವರೂ ಮೊದಲು ಫೋರ್ಕಿನ ತುದಿಯನ್ನೇ ಪರೀಕ್ಷಿಸಬೇಕು.

ಬ್ಯಾಟರಿ: 3.6 ವೋಲ್ಟಿನ ಲಿಥಿಯಮ್ ಸೆಲ್ಲುಗಳನ್ನು ಹತ್ತು ಸಾಲಾಗಿ ಜೋಡಿಸಿದರೆ 36 ವೋಲ್ಟ್. ಪೂರ್ತಿ ಚಾರ್ಜಾದಾಗ 42. ಸೆಲ್ಲುಗಳನ್ನು ನಿಕ್ಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಬೇಕು. ಬೆಸುಗೆ ಕಡ್ಡಿಯ ಕಾವು ಸೆಲ್ಲಿಗೆ ಆಗದು. ಪ್ರತಿ ಸಾಲಿನ ಮೇಲೆ ಕಣ್ಣಿಡುವ ರಕ್ಷಣಾ ಸರ್ಕಿಟ್ಟು ಇಲ್ಲದ ಬ್ಯಾಟರಿಯನ್ನು ಮನೆಯೊಳಗೆ ಇಡುವುದೇ ತಪ್ಪು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳ ಸಹವಾಸ ಬೇಡ. 10 ಆಂಪಿಯರ್ ಗಂಟೆಯ ಪ್ಯಾಕಿನಲ್ಲಿ 360 ವ್ಯಾಟ್ ಗಂಟೆ ಶಕ್ತಿ. ಒಮ್ಮೆ ತುಂಬಿಸಲು ಅರ್ಧ ಯುನಿಟ್ಟಿಗೂ ಕಡಿಮೆ ಕರೆಂಟು. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ 200 ಯುನಿಟ್ ಮಿತಿಯೊಳಗೆ ಅದು ಲೆಕ್ಕಕ್ಕೇ ಇಲ್ಲ. ನಿಜವಾದ ಖರ್ಚು ಬ್ಯಾಟರಿಯ ಸವಕಳಿಯದು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ 30 ನಿಮಿಷದ ಸಾಮರ್ಥ್ಯ 250 ವ್ಯಾಟಿಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿ.ಮೀ. ತಲುಪುವಷ್ಟರಲ್ಲಿ ಅಥವಾ ಪೆಡಲ್ ನಿಲ್ಲಿಸಿದ ಕೂಡಲೇ ನೆರವು ನಿಲ್ಲುವ ಸೈಕಲ್, ಅಧಿಕೃತ ಪರೀಕ್ಷಾ ಸಂಸ್ಥೆ ಅದನ್ನು ದೃಢೀಕರಿಸಿದ್ದರೆ, ಮೋಟಾರು ವಾಹನವಲ್ಲ. ಬ್ರೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. 1,000 ವ್ಯಾಟಿನ ಕಿಟ್ಟು ಹಾಕಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲವೂ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಗೆ ಮಾದರಿ ಅನುಮೋದನೆ ಇಲ್ಲದ್ದರಿಂದ ನೋಂದಣಿಯ ದಾರಿ ಹೆಚ್ಚು ಕಡಿಮೆ ಮುಚ್ಚಿದಂತೆಯೇ.

250 ವ್ಯಾಟು ಈ ಸೀಮೆಗೆ ಸಾಕೇ? ನರಗುಂದ, ರೋಣ, ಗಜೇಂದ್ರಗಡ ಮೂರೂ ಪಶ್ಚಿಮದಿಂದ ಪೂರ್ವಕ್ಕೆ ಬಹುಮಟ್ಟಿಗೆ ಒಂದೇ ಅಕ್ಷಾಂಶದ ಮೇಲಿವೆ. ಗುಡ್ಡಗಳನ್ನು ಬಿಟ್ಟರೆ ನಡುವೆ ಸಮತಟ್ಟಾದ ಎರೆಹೊಲ. ಗಾಳಿಗೆ ಮರೆ ಕಡಿಮೆ. ಸವಾರ ಸೇರಿ 100 ಕೆ.ಜಿ. ತೂಗುವ ಸೈಕಲ್ಲು ಗಾಳಿಯಿಲ್ಲದ ದಿನ ಗಂಟೆಗೆ 20 ಕಿ.ಮೀ. ಹೋಗಲು ಸುಮಾರು 105 ವ್ಯಾಟು ಸಾಕು. ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸಿದರೆ ಅದೇ ಓಟಕ್ಕೆ 230 ವ್ಯಾಟು. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮಗಳಿಂದ ಬರುವುದರಿಂದ ರೋಣದಿಂದ ಗಜೇಂದ್ರಗಡಕ್ಕೆ ಹೋಗುವವನಿಗೆ ಬೆನ್ನುಗಾಳಿ, ಮರಳುವವನಿಗೆ ಎದುರುಗಾಳಿ. ಈ ಊರುಗಳ ನೇರ ಅಂತರವೇ ಸುಮಾರು 27 ಕಿ.ಮೀ.; ಎದುರುಗಾಳಿಯಲ್ಲಿ ಬರೀ ಮೋಟರಿನ ಮೇಲೆ ಬಂದರೆ, ಮೋಟರಿನಲ್ಲಿ ಕಾವಾಗಿ ಹೋಗುವ ಪಾಲೂ ಸೇರಿ, 360 ವ್ಯಾಟ್ ಗಂಟೆಯ ಬ್ಯಾಟರಿ 23 ಕಿ.ಮೀ. ಆಸುಪಾಸಿನಲ್ಲಿ ಮುಗಿಯುತ್ತದೆ. ಗಜೇಂದ್ರಗಡದ ಗುಡ್ಡದ ಫ್ಯಾನುಗಳನ್ನು ತಿರುಗಿಸಿ ಕರೆಂಟು ಕೊಡುವ ಗಾಳಿಯೇ ಸೈಕಲ್ಲಿನವನಿಂದ ಅದನ್ನು ವಸೂಲು ಮಾಡುತ್ತದೆ! ತುಳಿಯುತ್ತ ಬರಬೇಕು, ಇಲ್ಲವೇ 15 ಆಂಪಿಯರ್ ಗಂಟೆಯ ಪ್ಯಾಕು ಕಟ್ಟಿಕೊಳ್ಳಬೇಕು. ಗುಡ್ಡದ ಏರಿನಲ್ಲಿ ತೊಂದರೆ ಬೇರೆ ಬಗೆಯದು. ಹಬ್ ಮೋಟರು ಸೈಕಲ್ಲಿನ ಗಿಯರನ್ನು ಬಳಸಲಾರದು. ವೇಗ ಇಳಿದಷ್ಟೂ ಕರೆಂಟು ಕಾವಾಗಿ ಹೋಗುತ್ತದೆ. ಅಲ್ಲಿ ಇಳಿದು ತಳ್ಳುವುದೇ ಜಾಣತನ.

ಮಳೆಗಾಲದ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿಯುತ್ತದೆ. ಬರೀ ಸೈಕಲ್ಲಾದರೆ ಸವಾರನಿಗೆ ತಕ್ಷಣ ತಿಳಿಯುತ್ತದೆ. ಮೋಟರಿದ್ದರೆ ಅದು ಎಳೆಯುತ್ತಲೇ ಇದ್ದು ಸುರುಳಿ ಸುಟ್ಟುಕೊಳ್ಳಬಹುದು. ಹೊಲದ ದಾರಿಗೆ ಹೋಗುವ ಸೈಕಲ್ಲಿನ ಮಡ್‌ಗಾರ್ಡನ್ನು ಬಿಚ್ಚಿಡಬೇಕು ಅಥವಾ ಎತ್ತರಿಸಿ ಕಟ್ಟಬೇಕು. ತಂತಿ ಅಚ್ಚಿನೊಳಗೆ ಹೋಗುವ ಮುನ್ನ ಕೆಳಗೆ ಜೋತು ಒಂದು ಬಾಗು ತೆಗೆದುಕೊಳ್ಳುವಂತೆ ಕಟ್ಟಿದರೆ ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ. ತೊಳೆಯುವಾಗ ಪೈಪಿನ ನೀರನ್ನು ಅಚ್ಚಿಗೆ ಹಿಡಿಯಬಾರದು. ಬೇಸಿಗೆಯಲ್ಲಿ ಬ್ಯಾಟರಿ 45 ಡಿಗ್ರಿಗಿಂತ ಬಿಸಿಯಾಗಿದ್ದಾಗ ಚಾರ್ಜಿಗೆ ಹಾಕಬಾರದು; ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಬಿಸಿಲಿನಲ್ಲಿ ಬಂದ ಮೇಲೆ ಬ್ಯಾಟರಿಯನ್ನು ನೆರಳಿನಲ್ಲಿ ಆರಲು ಬಿಟ್ಟು, ಸಂಜೆ ಮನೆಯವರು ಎಚ್ಚರವಿರುವ ವೇಳೆಯಲ್ಲಿ ಚಾರ್ಜು ಮಾಡುವುದು ಸರಿ.