ಜಿನಾಲಯಗಳ ಇತಿಹಾಸದಲ್ಲಿ ಶ್ರೀಸಾಮಾನ್ಯರು

ಕರ್ಣಾಟಕದ ಜೈನ ಇತಿಹಾಸವೆಂದೊಡನೆ ಗಂಗ, ರಾಷ್ಟ್ರಕೂಟ, ಹೊಯ್ಸಳ ಅರಸುಮನೆತನಗಳು ನೆನಪಿಗೆ ಬರುತ್ತವೆ. ಚಾವುಂಡರಾಯ, ಗಂಗರಾಜ, ಹುಳ್ಳರ ಹೆಸರುಗಳು ಶ್ರಾವಕರ ನಾಲಗೆಯ ಮೇಲೆ ಸದಾ ಇವೆ. ದಾನಚಿಂತಾಮಣಿ ಅತ್ತಿಮಬ್ಬೆಯನ್ನೂ ಪಟ್ಟಮಹಿಷಿ ಶಾಂತಲೆಯನ್ನೂ ಸ್ಮರಿಸದ ಸಮಾರಂಭವಿಲ್ಲ. ಈ ಮಹನೀಯರ ಸ್ಮರಣೆ ಸರ್ವಥಾ ಯುಕ್ತವಾದುದೇ. ಆದರೆ ಬಸದಿಯೊಂದರ ಕಾರ್ಯವು ಅದರ ಶಿಖರಕ್ಕೆ ಕಲಶವಿಟ್ಟ ದಿನ ಮುಗಿಯುವುದಿಲ್ಲ. ನಿಜವಾಗಿ ಅಂದೇ ಆರಂಭವಾಗುತ್ತದೆ. ನಿತ್ಯಾಭಿಷೇಕಕ್ಕೆ ಹಾಲು ಬರಬೇಕು, ಅರ್ಚನೆಗೆ ಹೂ ಬರಬೇಕು, ನಂದಾದೀಪಕ್ಕೆ ಎಣ್ಣೆ ಬರಬೇಕು, ಮುನಿಗಳಿಗೆ ಆಹಾರದಾನ ನಡೆಯಬೇಕು, ಒಡೆದು ಬಿರುಕುಬಿಟ್ಟ ಭಾಗಗಳನ್ನು ಸರಿಪಡಿಸಬೇಕು. ಶಾಸನಗಳು ಮತ್ತೆ ಮತ್ತೆ ಹೇಳುವ ಅಷ್ಟವಿಧಾರ್ಚನೆ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತುಗಳ ಹಿಂದೆ ಈ ದಿನನಿತ್ಯದ ಹೊಣೆಯಿದೆ. ರಾಜ್ಯಗಳು ಅಳಿದ ಮೇಲೂ ಈ ಹೊಣೆಯನ್ನು ಹೊತ್ತು ನಡೆಸಿದವರು ಯಾರು ಎಂದು ವಿಚಾರಿಸಿದರೆ, ಅರಮನೆಯ ಹೊರಗಿದ್ದ ಸಾಮಾನ್ಯ ಜನರ ಒಂದು ದೊಡ್ಡ ಸಮುದಾಯವೇ ಕಣ್ಣಮುಂದೆ ನಿಲ್ಲುತ್ತದೆ.

ಮಥುರೆಯ ಸಾಕ್ಷ್ಯ

ಈ ವಿಚಾರದಲ್ಲಿ ಅತ್ಯಂತ ಪ್ರಾಚೀನವಾದ ಸಾಕ್ಷ್ಯಗಳಲ್ಲಿ ಕೆಲವು ಉತ್ತರ ಭಾರತದ ಮಥುರೆಯಲ್ಲಿ ದೊರೆತಿವೆ. ಅಲ್ಲಿಯ ಕಂಕಾಲೀ ದಿಬ್ಬದಲ್ಲಿ 1888ರಿಂದ 1891ರವರೆಗೆ ನಡೆದ ಉತ್ಖನನದಲ್ಲಿ ಜೈನ ಸ್ತೂಪದ ಅವಶೇಷಗಳು, ಜಿನಬಿಂಬಗಳು, ಆಯಾಗಪಟಗಳು ಬೆಳಕಿಗೆ ಬಂದವು. ಇವುಗಳಲ್ಲಿ ಬಹುಪಾಲು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದವು. ಅವುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳಲ್ಲಿ ಅರಸರ ದಾನಗಳಿಗಿಂತ ಗೃಹಸ್ಥರ ದಾನಗಳೇ ಎದ್ದು ಕಾಣುತ್ತವೆ. ಗಂಧದ ವ್ಯಾಪಾರಿಗಳ ಮನೆಯವರು, ಲೋಹದ ಕೆಲಸಗಾರರು, ನಟನ ಮಡದಿ, ವರ್ತಕರ ತಾಯಂದಿರು ಮತ್ತು ಸೊಸೆಯರು ತಮ್ಮ ಹೆಸರಿನೊಡನೆ ತಮ್ಮ ಮನೆತನದ ವೃತ್ತಿಯನ್ನೂ ಬರೆಯಿಸಿದ್ದಾರೆ. ದಾನಿಗಳಲ್ಲಿ ಸ್ತ್ರೀಯರ ಸಂಖ್ಯೆ ಗಣನೀಯವಾಗಿರುವುದು ವಿಶೇಷ.

ಅಲ್ಲಿ ದೊರೆತ ಸರಸ್ವತೀ ಪ್ರತಿಮೆಯೊಂದು ಇಂದು ಲಖನೌ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ.ಶ. 132ಕ್ಕೆ ಸೇರಿದ ಈ ಪ್ರತಿಮೆ, ಇದುವರೆಗೆ ಸಿಕ್ಕಿರುವ ಸರಸ್ವತೀ ಪ್ರತಿಮೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಶಿರಸ್ಸು ಭಗ್ನವಾಗಿದ್ದರೂ ಕೈಯಲ್ಲಿನ ಹೊತ್ತಗೆ ಉಳಿದಿದೆ. ಇದನ್ನು ಮಾಡಿಸಿಕೊಟ್ಟವನು ಅರಸನಲ್ಲ, ಪಂಡಿತನಲ್ಲ. ಗೋವ ಎಂಬ ಕಮ್ಮಾರ. ಕುಲುಮೆಯ ಮುಂದೆ ಬೆವರು ಸುರಿಸಿದವನು ಶ್ರುತದೇವತೆಯನ್ನು ಸಂಘಕ್ಕೆ ಅರ್ಪಿಸಿದನೆಂಬುದು ಜೈನ ಸಮಾಜ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಅದೇ ಮಥುರೆಯಲ್ಲಿ ವಸು ಎಂಬ ಗಣಿಕೆ ತನ್ನ ತಾಯಿ ಮತ್ತು ಮಕ್ಕಳೊಡನೆ ಅರ್ಹಂತರ ದೇವಕುಲವನ್ನೂ ಅರವಟ್ಟಿಗೆಯನ್ನೂ ಶಿಲಾಪಟವನ್ನೂ ಮಾಡಿಸಿದಳು. ತನ್ನ ವೃತ್ತಿಯನ್ನು ಆಕೆ ಮರೆಮಾಚಲಿಲ್ಲ. ಸಂಘವೂ ಆಕೆಯ ದಾನವನ್ನು ತಿರಸ್ಕರಿಸಲಿಲ್ಲ.

ಬೆಳ್ಗೊಳದ ಹಾಲು ಮತ್ತು ಹೂ

ಮಥುರೆಯಲ್ಲಿ ಕಂಡ ಈ ಪರಂಪರೆಯೇ ಕನ್ನಡ ನಾಡಿನಲ್ಲಿ ಇನ್ನೂ ವಿಸ್ತಾರವಾಗಿ ಗೋಚರಿಸುತ್ತದೆ. ಶ್ರವಣಬೆಳ್ಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. 1973ರ ಆವೃತ್ತಿಯಲ್ಲಿ 573 ಆಯಿತು. ಹೀಗೆ ಹೊಸದಾಗಿ ಸೇರಿದವುಗಳಲ್ಲಿ ಒಂದೆರಡು ಸಾಲಿನ ಬರಹಗಳು ಅನೇಕ. ಎತ್ತಲಿಂದಲೋ ಕಾಲ್ನಡಿಗೆಯಲ್ಲಿ ಬಂದು, ಬಂಡೆಯ ಮೇಲೆ ಹೆಸರನ್ನಷ್ಟೇ ಬಿಟ್ಟುಹೋದ ಯಾತ್ರಿಕರ ಗುರುತುಗಳು ಅವು. 15ನೆಯ ಶತಮಾನದಿಂದೀಚೆಗೆ ಮಾರವಾಡದ ಕಡೆಯ ಯಾತ್ರಿಕರು ನಾಗರಿ ಲಿಪಿಯಲ್ಲಿ ಬರೆಯಿಸಿದವೂ ಅವುಗಳಲ್ಲಿವೆ.

ಚಂದ್ರಗಿರಿಯ ಪ್ರಾಚೀನ ನಿಸಿದಿ ಶಾಸನಗಳಲ್ಲಿ ಆಚಾರ್ಯರ ಹೆಸರುಗಳ ಜೊತೆಗೇ ನಾಗಮತಿ ಗಂತಿ, ಶಶಿಮತಿ ಗಂತಿಯಂತಹ ಆರ್ಯಿಕೆಯರ ಹೆಸರುಗಳು ಬರುತ್ತವೆ. ಅವರು ಯಾವ ಅರಸನ ಮಗಳೆಂದಾಗಲಿ ಯಾವ ದಂಡನಾಯಕನ ಮಡದಿಯೆಂದಾಗಲಿ ಅಲ್ಲಿ ಹೇಳಿಲ್ಲ. ವ್ರತನಿಷ್ಠೆಯಿಂದ ಸಮಾಧಿಮರಣವನ್ನು ಸಾಧಿಸಿದರೆಂಬುದೇ ಅವರ ಪರಿಚಯ. ಬಂಡೆಯ ಮೇಲೆ ಹೆಸರು ಪಡೆಯಲು ಅಷ್ಟು ಸಾಕಾಯಿತು.

13ನೆಯ ಶತಮಾನದ ದತ್ತಿಶಾಸನಗಳು ಇನ್ನೂ ಸ್ವಾರಸ್ಯವಾಗಿವೆ. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಸೆಟ್ಟಿಗಳೂ ಇತರ ಭಕ್ತರೂ ನಾಲ್ಕೈದು ಗದ್ಯಾಣಗಳಂತಹ ಸಣ್ಣ ಮೊತ್ತಗಳನ್ನು ಇಡುಗಂಟಾಗಿ ಒಪ್ಪಿಸಿದ್ದಾರೆ. ಹೊನ್ನಿಗೆ ತಿಂಗಳಿಗೆ ಇಷ್ಟು ಹಾಗ ಬಡ್ಡಿ, ಆ ಬಡ್ಡಿಯಿಂದ ದಿನಕ್ಕೆ ಇಷ್ಟು ಬಳ್ಳ ಅಥವಾ ಮಾನ ಹಾಲು ಎಂದು ಲೆಕ್ಕವನ್ನು ಕಲ್ಲಿನಲ್ಲೇ ಕಡೆಯಿಸಲಾಗಿದೆ. ಹಾಗವೆಂದರೆ ಹಣದ ಕಾಲುಭಾಗ. ಮೂಲಧನ ಕರಗದಂತೆ, ಬಡ್ಡಿಯಿಂದಲೇ ಸೇವೆ ಆಚಂದ್ರಾರ್ಕವಾಗಿ ನಡೆಯುವಂತೆ ಮಾಡಿದ ಈ ವ್ಯವಸ್ಥೆಯಲ್ಲಿ ವರ್ತಕರ ವಿವೇಕ ಸ್ಪಷ್ಟವಾಗಿ ಕಾಣುತ್ತದೆ. ಹೂವಿನ ಸೇವೆಗೂ ಇಂತಹ ದತ್ತಿಗಳುಂಟು. ಹಣವಿಟ್ಟವನ ಹೆಸರು ಕಲ್ಲಿನಲ್ಲಿದೆ; ಆದರೆ ಹಸುವನ್ನು ಸಾಕಿ, ನಸುಕಿನಲ್ಲಿ ಕರೆದು, ಹಾಲನ್ನು ಬೆಟ್ಟಕ್ಕೆ ಹೊತ್ತವರನ್ನೂ ಆ ಲೆಕ್ಕದ ಸಾಲುಗಳ ನಡುವೆ ಕಾಣಬೇಕು.

ಹಾಲನ್ನು ತಂದ ಅಂತಹ ಕೈಗಳಿಗೆ ಜನಮನಸ್ಸು ಕೊಟ್ಟ ರೂಪವೇ ಗುಳ್ಳಕಾಯಜ್ಜಿ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಬಿಂಬದ ಕಾಲಡಿಗಿಳಿಯದ ಅಭಿಷೇಕವು, ಬಡ ಮುದುಕಿಯೊಬ್ಬಳು ಗುಳ್ಳದ ಕಾಯಲ್ಲಿ ತಂದ ಹನಿ ಹಾಲಿನಿಂದ ಪೂರ್ಣವಾಯಿತೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಆಕೆ ಯಕ್ಷಿ ಕೂಷ್ಮಾಂಡಿನಿಯೇ ಎಂದು ಪರಂಪರೆ ನಂಬುತ್ತದೆ. ಗೊಮ್ಮಟನ ಇದಿರಿಗೆ ಆ ಅಜ್ಜಿಯ ಶಿಲ್ಪವನ್ನು ನಿಲ್ಲಿಸಿದವರು, ದಾನದ ಬೆಲೆ ಅದರ ಪ್ರಮಾಣದಲ್ಲಿಲ್ಲವೆಂಬ ತತ್ತ್ವವನ್ನೇ ಅಲ್ಲಿ ನಿಲ್ಲಿಸಿದ್ದಾರೆ.

ಮನೆಗೊಂದು ಹಣ

ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಜೈನ ಮತ್ತು ವೈಷ್ಣವರ ನಡುವಣ ಒಪ್ಪಂದಕ್ಕಾಗಿ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಇನ್ನೊಂದು ಭಾಗವೂ ಅಷ್ಟೇ ಗಮನಾರ್ಹವಾದುದು. ಆ ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಮೊತ್ತದಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ 20 ಮಂದಿಯನ್ನು ನೇಮಿಸಬೇಕು. ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಅಲ್ಲಿ ಕಟ್ಟಳೆಯಾಗಿದೆ. ಅರಸನ ಮುಂದೆ ಅಹವಾಲು ಹೇಳಿಕೊಂಡವರು ನಾಡುನಾಡುಗಳ ಶ್ರಾವಕರು. ರಕ್ಷಣೆಯ ವೆಚ್ಚವನ್ನು ಹೊತ್ತವರೂ ಅವರೇ. ಸಿರಿವಂತನ ಮನೆಗೂ ಬಡವನ ಮನೆಗೂ ಒಂದೇ ಹಣ. ಬಡವನಿಗೆ ಅದು ಭಾರವಾಗಿದ್ದಿರಬಹುದು; ಆದರೆ ಬೆಳ್ಗೊಳದ ಬೆಟ್ಟದ ಮೇಲೆ ಅವನ ಪಾಲೂ ಸಿರಿವಂತನ ಪಾಲಿಗೆ ಸಮವಾಯಿತು.

ಇಂತಹ ಕೂಡುದಾನದ ಮತ್ತೊಂದು ಮಾದರಿ ಬೆಳಗಾವಿಯಲ್ಲಿದೆ. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಆಳಿಕೆಯಲ್ಲಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ 1204ರಲ್ಲಿ ದೊರೆತ ದಾನಗಳಲ್ಲಿ ಸಂತೆಯ ಸರಕಿನ ಪಾಲೂ ಸೇರಿತ್ತು. ನಾಡಿನ ವರ್ತಕರ ಜೊತೆಗೆ ಲಾಳ ದೇಶದ, ಮಲೆಯಾಳದ ವ್ಯಾಪಾರಿಗಳೂ ಅದಕ್ಕೆ ಒಪ್ಪಿಗೆಯಿತ್ತರು. ಮಾರಾಟಕ್ಕೆ ಬಂದ ಸರಕಿನಲ್ಲಿ ಅಳತೆಗಿಷ್ಟು, ಹೇರಿಗಿಷ್ಟು ಎಂದು ದೇವರಿಗೆ ಸಲ್ಲುತ್ತಿತ್ತು. ಸಂತೆಗೆ ಎತ್ತು ಹೊಡೆದುಕೊಂಡು ಬಂದ ಪ್ರತಿಯೊಬ್ಬನೂ ತಿಳಿದೋ ತಿಳಿಯದೆಯೋ ಆ ಬಸದಿಯ ದೀಪಕ್ಕೆ ಎಣ್ಣೆಯೆರೆದವನೇ. ಈ ದಾನಗಳನ್ನು ಸಾರುವ ಶಿಲೆಗಳು ಇಂದು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲದೆ 1430ರಲ್ಲಿ ಮೂಡುಬಿದಿರೆಯಲ್ಲಿ ನಿರ್ಮಾಣವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿಯೂ ಅಲ್ಲಿಯ ಸೆಟ್ಟಿಕಾರರೇ ಮೊದಲಾದ ಸಮಾಜದವರ ಸಾಮೂಹಿಕ ಶ್ರಮದ ಫಲ. ಅದರ ಭೈರಾದೇವಿ ಮಂಟಪದ ಜಗತಿಯಲ್ಲಿ ಜಿರಾಫೆಯ ಚಿತ್ರವಿದೆ. ಕಡಲಾಚೆಯ ಪ್ರಾಣಿಯನ್ನು ಕಂಡವರ ಅಥವಾ ಅದರ ಸುದ್ದಿ ಕೇಳಿದವರ ಬದುಕು ಕೂಡ ಹೀಗೆ ಬಸದಿಯ ಕಲ್ಲನ್ನು ಸೇರಿತು.

ಉಳಿ ಹಿಡಿದವರು, ಕಂಟ ಹಿಡಿದವರು

ವಿಂಧ್ಯಗಿರಿಯ ಗೊಮ್ಮಟನ ಪಾದದ ಬಳಿಯ ಬರಹಗಳು ಕನ್ನಡ, ತಮಿಳು, ಮರಾಠಿಗಳಲ್ಲಿ ಮಾಡಿಸಿದವನ ಹೆಸರನ್ನು ಹೇಳುತ್ತವೆ. ಕಡೆದವನ ಹೆಸರನ್ನು ಹೇಳುವುದಿಲ್ಲ. ಜಗತ್ತೇ ಬೆರಗಾಗಿ ನೋಡುವ ಆ ಮುಗುಳ್ನಗೆಯನ್ನು ಬಂಡೆಯಿಂದ ಬಿಡಿಸಿದ ಕೈ ಯಾರದೆಂದು ಅವು ತಿಳಿಸುವುದಿಲ್ಲ. ಆದರೆ 12ನೆಯ ಶತಮಾನದ ಹೊತ್ತಿಗೆ ಪರಿಸ್ಥಿತಿ ಸ್ವಲ್ಪ ಬದಲಾಯಿತು. ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು ಸಾರುವ ಜಾಲಂಧ್ರದ ಮೇಲೆ ದಾಸೋಜನೆಂಬ ಶಿಲ್ಪಿಯ ಹೆಸರಿದೆ. 1129ರ ಮಲ್ಲಿಷೇಣ ಪ್ರಶಸ್ತಿಯ ಕೊನೆಯಲ್ಲಿ ಅದನ್ನು ಕಂಡರಿಸಿದ ಗಂಗಾಚಾರಿಯ ಹೆಸರಿದೆ. ಆಚಾರ್ಯರ ಕೀರ್ತಿಯನ್ನು ಕೊರೆದವನು ಅದೇ ಕಲ್ಲಿನಲ್ಲಿ ತನಗೂ ಒಂದಿಷ್ಟು ಜಾಗ ಪಡೆದನು.

ಗ್ರಂಥಗಳ ವಿಷಯವೂ ಇದೇ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಮುದ್ರಣವಿಲ್ಲದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ, ತಾಳೆಗರಿಯನ್ನು ಹದಗೊಳಿಸಿದವರು, ಅಳತೆಗೆ ಕತ್ತರಿಸಿದವರು, ಕಂಟದಿಂದ ಕೊರೆದವರು, ಮಸಿ ತೀಡಿದವರು, ಹಲಗೆ ಕಟ್ಟಿದವರು ಎಷ್ಟು ಮಂದಿ ಇದ್ದಿರಬೇಕು! ಇತ್ತೀಚಿನ ಕಾಲದ ನಿದರ್ಶನವೂ ಒಂದುಂಟು. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಪ್ರತಿಲೇಖನ 1896ರಲ್ಲಿ ಆರಂಭವಾದಾಗ ಆ ಕಾರ್ಯದಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರಿಗೆ, ಕನ್ನಡ ಲಿಪಿಯ ಪ್ರತಿಯನ್ನು ಸಿದ್ಧಪಡಿಸುವಲ್ಲಿ ನೆರವಾದವರು ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಬೆಳಕು ಕಂಡಿತು. ಶತಮಾನಗಳ ಕಾಲ ಪೂಜೆಗಷ್ಟೇ ದೊರಕುತ್ತಿದ್ದ ಶಾಸ್ತ್ರವು ಸ್ವಾಧ್ಯಾಯಕ್ಕೆ ಲಭಿಸುವ ಹಾದಿಯಲ್ಲಿ ಒಬ್ಬ ಗೃಹಿಣಿಯ ಬರಹವೂ ಇತ್ತೆಂಬುದನ್ನು ಸಮಾಜ ಮರೆಯಲಾಗದು.

ಕಾವ್ಯ ಮತ್ತು ಶಾಸ್ತ್ರಗಳಲ್ಲಿ

ಜೈನ ಕವಿಗಳೂ ಸಾಮಾನ್ಯರ ಬದುಕಿಗೆ ಬೆನ್ನು ತಿರುಗಿಸಿದವರಲ್ಲ. 993ರಲ್ಲಿ ಅಜಿತಪುರಾಣವನ್ನು ರಚಿಸಿದ ಕವಿಚಕ್ರವರ್ತಿ ರನ್ನನು ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತನ್ನ ಕುಲವೃತ್ತಿಯನ್ನು ಅವನು ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ವಡ್ಡಾರಾಧನೆಯ 19 ಕಥೆಗಳಲ್ಲಿ ಅರಸುಮಕ್ಕಳ ಪಕ್ಕದಲ್ಲೇ ಕಳ್ಳನೂ ಮೋಕ್ಷಮಾರ್ಗದಲ್ಲಿ ನಡೆಯುತ್ತಾನೆ. 1112ರಲ್ಲಿ ಮುಳುಗುಂದದ ನಯಸೇನನು ಧರ್ಮಾಮೃತವನ್ನು ಬರೆಯುವಾಗ ಅಡಿಗೆಮನೆ, ಹೊಲ, ಸಂತೆಗಳ ಗಾದೆಗಳನ್ನೂ ಉಪಮೆಗಳನ್ನೂ ಸಾಲುಸಾಲಾಗಿ ಪೋಣಿಸಿದನು. ಧರ್ಮವನ್ನು ಜನರ ಮಾತಿನಲ್ಲೇ ಹೇಳಬೇಕೆಂಬುದು ಅವನ ದೃಢ ನಿಲುವು. 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನ ಗೋವೈದ್ಯವು ದನಕರುಗಳ ಚಿಕಿತ್ಸೆಯನ್ನೂ, ರಾಜಾದಿತ್ಯನ ವ್ಯವಹಾರಗಣಿತವು ದಿನಬಳಕೆಯ ಲೆಕ್ಕವನ್ನೂ ಕನ್ನಡಕ್ಕೆ ತಂದವು. ರೈತನ ಹಟ್ಟಿ, ವರ್ತಕನ ಅಂಗಡಿ ಎರಡಕ್ಕೂ ಜೈನ ಗ್ರಂಥಕಾರರು ಬಾಗಿಲು ತೆರೆದಿಟ್ಟರು.

ಮುಂದಿನವರಿಗಾಗಿ

ಇಷ್ಟೆಲ್ಲ ತಿಳಿದುಬಂದಿರುವುದು ಕಲ್ಲು ಉಳಿದುದರಿಂದ, ಗರಿ ಉಳಿದುದರಿಂದ. ಆದರೆ ಜೀರ್ಣೋದ್ಧಾರದ ಉತ್ಸಾಹದಲ್ಲಿ ಈ ಸಾಕ್ಷ್ಯಗಳೇ ನಾಶವಾಗುವ ಭಯವಿದೆ. ನೆಲಕ್ಕೆ ಹೊಸ ಕಲ್ಲು ಹಾಸುವಾಗ ಅಕ್ಷರವಿದ್ದ ಹಳೆಯ ಚಪ್ಪಡಿ ಅಡಿಗೆ ಬೀಳಬಹುದು. ಗೋಡೆಗೆ ಬಣ್ಣವನ್ನೋ ಸಿಮೆಂಟನ್ನೋ ಬಳಿಯುವಾಗ ಎರಡು ಸಾಲಿನ ದತ್ತಿ ಮುಚ್ಚಿಹೋಗಬಹುದು. ಯಂತ್ರದಿಂದ ಉಜ್ಜಿ ಹೊಳಪು ಕೊಡುವಾಗ ಸವೆದ ಲಿಪಿ ಪೂರ್ತಿ ಅಳಿಸಿಹೋಗಬಹುದು. ಅರಸರ ಹೆಸರುಗಳಿಗೆ ಇದರಿಂದ ಅಷ್ಟೇನೂ ಹಾನಿಯಿಲ್ಲ. ಅವು ಹತ್ತಾರು ಶಾಸನಗಳಲ್ಲಿವೆ. ಹಾಲಿಗೆ ನಾಲ್ಕು ಗದ್ಯಾಣ ಕೊಟ್ಟವನ ಹೆಸರು ಒಂದೇ ಕಲ್ಲಿನಲ್ಲಿದೆ. ಆ ಕಲ್ಲು ಹೋದರೆ ಅವನು ಎರಡನೆಯ ಬಾರಿ ಇಲ್ಲವಾಗುತ್ತಾನೆ.

ಆದಕಾರಣ ಪ್ರತಿಯೊಂದು ಬಸದಿಯ ಆಡಳಿತದವರೂ ಕೆಲಸಕ್ಕೆ ಕೈಹಚ್ಚುವ ಮುನ್ನ ಅಲ್ಲಿನ ಬರಹಗಳ ಅಚ್ಚು ಮತ್ತು ಛಾಯಾಚಿತ್ರಗಳನ್ನು ತೆಗೆಯಿಸಿ, ತಜ್ಞರಿಗೆ ತೋರಿಸುವುದು ಅತ್ಯವಶ್ಯಕ. ಮನೆಗಳ ಅಟ್ಟದಲ್ಲಿರುವ ತಾಳೆಗರಿಯ ಕಟ್ಟುಗಳನ್ನೂ ನೋಂಪಿಯ ಹಳೆಯ ಪುಸ್ತಕಗಳನ್ನೂ ಗೆದ್ದಲಿಗೆ ಬಿಡದೆ ಕಾಪಾಡಬೇಕು. ಹಾಗೆಯೇ ಹೊಸದಾಗಿ ಪ್ರತಿಷ್ಠೆಯಾಗುವ ಬಸದಿಗಳಲ್ಲಿ ದೊಡ್ಡ ದಾನಿಗಳ ಫಲಕದೊಡನೆ, ಕಲ್ಲು ಕಡೆದ ಶಿಲ್ಪಿಗಳ, ಗಾರೆ ಕೆಲಸದವರ, ಹಿಡಿ ಅಕ್ಕಿಯನ್ನೋ ಹತ್ತು ರೂಪಾಯಿಯನ್ನೋ ಕೊಟ್ಟವರ ಹೆಸರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ಭಂಡಾರದಲ್ಲಿ ರಕ್ಷಿಸುವುದು ಉಚಿತ. ಮಥುರೆಯ ಸಂಘವು ಕಮ್ಮಾರ ಗೋವನಿಗೆ ಸಲ್ಲಿಸಿದ ಗೌರವವನ್ನು ಇಂದಿನ ಸಂಘವು ತನ್ನ ಕಮ್ಮಾರರಿಗೆ ಸಲ್ಲಿಸಿದರೆ, ಪ್ರಭಾವನೆಯೆಂಬ ಅಂಗವು ಅರ್ಥಪೂರ್ಣವಾಗುತ್ತದೆ.